ಬೆರಳು ನಿಂತ ಜಾಗ

ನಮ್ಮೂರಿನ ಕಡತವನ್ನು ಮೊದಲು ತೆರೆದವರು ಯಾರೋ ಗೊತ್ತಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅದು ತೆರೆದೇ ಇದೆ, ಒಮ್ಮೆಯೂ ಮುಚ್ಚಿಲ್ಲ. ಹಿಟ್ಟಿನ ಗಿರಣಿಗೆ ತಾಗಿದ ಕೋಣೆಯಲ್ಲಿ ಒಂದು ಕಂಪ್ಯೂಟರು, ಧೂಳು ಕೂರದಂತೆ ಅದಕ್ಕೆ ಹೊದಿಸಲು ಒಂದು ಬಟ್ಟೆಯ ತುಂಡು, ಒಂದು ಕುರ್ಚಿ, ಬಂದವರು ಕೂರಲು ಒಂದು ಬೆಂಚು. ಇಷ್ಟೇ. ಊರಿನಲ್ಲಿ ಬಹಳ ಮಂದಿ ಪುಂಡಿಯ ನಾರಿನಿಂದ ಹಗ್ಗ ಹೊಸೆಯುವವರು. ಜೋಳ ಬೀಸಿಸಲು ಗಿರಣಿಗೆ ಬಂದವರು, ಹಿಟ್ಟಿನ ಬಿಸಿ ಆರುವವರೆಗೆ ಈ ಕೋಣೆಗೆ ಬಂದು ತಮ್ಮ ತಮ್ಮ ಸತ್ತವರ ಮಾತು ಕೇಳಿಕೊಂಡು ಹೋಗುತ್ತಾರೆ.

ನಮ್ಮಲ್ಲಿ ಪ್ರತಿಯೊಬ್ಬರೂ ಬದುಕಿನಲ್ಲಿ ಒಂದು ಸಲ ಬಂದು ಮಾತು ಇಡುತ್ತಾರೆ. ಯಾವಾಗ ಇಡಬೇಕು ಎನ್ನುವುದು ಅವರವರ ಇಷ್ಟ. ಬೆಂಚಿನ ಮೇಲೆ ಕೂತು ಹೇಳಬೇಕಾದ್ದನ್ನು ಹೇಳುತ್ತಾರೆ. ಕುರ್ಚಿಯಲ್ಲಿ ಕೂತ ಓದುಗ ಅದನ್ನು ಒಂದಕ್ಷರ ಬಿಡದೆ ಕಡತಕ್ಕೆ ಬರೆಯುತ್ತಾನೆ. ಅವರು ಸತ್ತ ಮೇಲೆ ಮನೆಯವರು ಬಂದು ಓದಿಸುತ್ತಾರೆ. ಓದುವಾಗ ಓದುಗನ ಬಾಯಿಂದ ಹೊರಡುವುದು ಹೇಳಿದವರ ದನಿ. ಹನ್ನೆರಡು ವರ್ಷಗಳಿಂದ ನನ್ನ ಬಾಯಲ್ಲಿ ಮುದುಕಿಯರು ಕೆಮ್ಮಿದ್ದಾರೆ, ಗಂಡಸರು ಗದರಿದ್ದಾರೆ, ಹೊಸದಾಗಿ ಮದುವೆಯಾದವರು ನಕ್ಕಿದ್ದಾರೆ. ಗಿರಣಿಯ ಹಾಲಪ್ಪ ಮಾತ್ರ ಹೆಂಡತಿಯನ್ನು ಒಳಗೆ ಕಳಿಸಿ ತಾನು ಹೊರಗೆ ಕೂರುತ್ತಿದ್ದ. "ಕುಬೇರಣ್ಣನ ಬಾಯಾಗ ನಮ್ಮತ್ತಿ ಬರ್ತಾಳ. ಬದುಕಿದ್ದಾಗ ಕೇಳಿದ್ದ ನನಗ ಸಾಕಾಗೇತಿ," ಎನ್ನುತ್ತಿದ್ದ.

ಎರಡು ಕಟ್ಟುಪಾಡುಗಳಿವೆ. ಒಮ್ಮೆ ಮಾತು ಇಟ್ಟವರು ಮತ್ತೆ ಇಡಲಾರರು. ಇಟ್ಟರೂ ಎರಡನೆಯ ಸಲ ದನಿ ಕೂರುವುದಿಲ್ಲ. ಇನ್ನೊಂದು, ಬದುಕಿರುವವರ ಮಾತನ್ನು ಯಾರೂ ಓದುವಂತಿಲ್ಲ. ಓದಿದರೆ ಏನೂ ಆಗುವುದಿಲ್ಲ, ಸಿಡಿಲು ಬಡಿಯುವುದಿಲ್ಲ. ಓದಬಾರದು, ಅಷ್ಟೇ. ಸ್ನಾನದ ಮನೆಯ ಬಾಗಿಲ ಸಂದಿಯಲ್ಲಿ ಇಣುಕಬಾರದು ಎಂದು ಯಾರಾದರೂ ಬೋರ್ಡು ಹಾಕುತ್ತಾರೆಯೇ, ಹಾಗೆ.

ಕಡತದಲ್ಲಿ ಬೆರಳು ಒಂದೇ. ಬೆರಳೆಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಈಗ ನಾವು ಕಡತದೊಳಗೆ ಯಾವ ಅಕ್ಷರದ ಮುಂದೆ ನಿಂತಿದ್ದೇವೆ ಎನ್ನುವುದಕ್ಕೆ ಊರಿನವರು ಇಟ್ಟುಕೊಂಡ ಹೆಸರು. ಓದುವುದಾದರೂ ಅಲ್ಲಿಂದಲೇ, ಬರೆಯುವುದಾದರೂ ಅಲ್ಲಿಂದಲೇ. ಓದಲಿಕ್ಕೊಂದು ಬರೆಯಲಿಕ್ಕೊಂದು ಎಂದು ಎರಡು ಬೆರಳು ಇದ್ದಿದ್ದರೆ ನಾನು ಇದನ್ನೆಲ್ಲ ಹೇಳಬೇಕಾಗುತ್ತಿರಲಿಲ್ಲ. ಮೊಟ್ಟಮೊದಲ ಅಕ್ಷರದ ಮುಂದೆ ನಿಂತರೆ ಸೊನ್ನೆ. ಅಲ್ಲಿಂದ ಒಂದೊಂದು ಅಕ್ಷರಕ್ಕೆ ಒಂದೊಂದು ಹೆಜ್ಜೆ. ನಡುವಿನ ಖಾಲಿ ಜಾಗಕ್ಕೂ ಚುಕ್ಕೆಗೂ ಒಂದೊಂದು. ನಾನು ಮೂರು ಸಾಲಿನ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಅಪ್ಪಣೆ, ಬರೆದು ಓಡಿಸುತ್ತೇನೆ. ಒಂದು ಸಾಲು ಬೆರಳನ್ನು ಇಂಥ ಹೆಜ್ಜೆಗೆ ಒಯ್ಯಿ ಎನ್ನುತ್ತದೆ, ಇನ್ನೊಂದು ಈಗ ಎಲ್ಲಿದ್ದೀಯ ಹೇಳು ಎನ್ನುತ್ತದೆ, ಮತ್ತೊಂದು ಇಷ್ಟು ಹೆಜ್ಜೆ ಓದು ಎನ್ನುತ್ತದೆ, ಇಲ್ಲವೆ ಬರೆ ಎನ್ನುತ್ತದೆ. ಓದುತ್ತ ಹೋದಂತೆ ಬೆರಳೂ ಮುಂದೆ ಸರಿಯುತ್ತದೆ. ಓದು ನಿಂತಲ್ಲಿ ಅದೂ ನಿಲ್ಲುತ್ತದೆ. ಆದ್ದರಿಂದ ಹೊಸ ಮಾತು ಇಡುವ ಮೊದಲು ಬೆರಳನ್ನು ಕಡತದ ಕೊನೆಗೆ ಒಯ್ಯಲೇಬೇಕು. ಮೊದಲೇ ಇದ್ದ ಅಕ್ಷರಗಳು ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ ಸರಿದು ಜಾಗ ಕೊಡುವುದಿಲ್ಲ. ಅವುಗಳ ಮೇಲೆಯೇ ಹೊಸವು ಬಂದು ಕೂರುತ್ತವೆ, ಹಳೆಯವು ಇಲ್ಲವಾಗುತ್ತವೆ. ನನಗೆ ಕೆಲಸ ಕಲಿಸಿದ ಚನ್ನಬಸಯ್ಯನವರು ಹೇಳಿದ್ದು ಒಂದೇ ಮಾತು: "ಓದಿದ ಕೂಡಲೆ ಕೊನಿಗೆ ಹಚ್ಚಿಬಿಡು. ನೀರ ಕುಡಿಯೂದಿದ್ರ ಆಮ್ಯಾಲ ಕುಡಿ."

ಮಾತು ಇಡುವ ಮುನ್ನ ಕಂಪ್ಯೂಟರು ತೋರಿಸುವ ಸಂಖ್ಯೆಯನ್ನು ಓದುಗ ಗಟ್ಟಿಯಾಗಿ ಹೇಳಬೇಕು, ಬೆಂಚಿನ ಮೇಲಿದ್ದವರು ಅದನ್ನು ತಿರುಗಿ ಹೇಳಬೇಕು. ಅವರ ಮಾತು ಶುರುವಾಗುವ ಜಾಗ ಅದು. ಮನೆಗೆ ಹೋಗುವ ದಾರಿಯಲ್ಲಿ ಪಾತ್ರೆ ಅಂಗಡಿಯಲ್ಲಿ ಒಂದು ತಂಬಿಗೆಯ ಮೇಲೆ ಆ ಸಂಖ್ಯೆಯನ್ನು ಕೆತ್ತಿಸುತ್ತಾರೆ. ನಮ್ಮೂರಿನ ತಂಬಿಗೆಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ.

ದ್ಯಾಮವ್ವನ ಮನೆಯ ತಂಬಿಗೆಯ ಮೇಲಿದ್ದದ್ದು ನಲವತ್ತೊಂದು ಸಾವಿರದ ಇನ್ನೂರ ಏಳು. ಅದು ಅವಳ ಮಗಳು ಕಸ್ತೂರಿಯದು. ಕಸ್ತೂರಿ ಹದಿನಾರರ ಹುಡುಗಿಯಾಗಿದ್ದಾಗ ಗೆಳತಿಯ ಜೊತೆ ತಮಾಷೆಗೆಂಬಂತೆ ಬಂದು ಮಾತು ಇಟ್ಟಳು. ಮರುವರ್ಷವೇ ಜ್ವರದಲ್ಲಿ ಹೋದಳು. ಅಂದಿನಿಂದ ದ್ಯಾಮವ್ವ ಪ್ರತಿ ಸೋಮವಾರ ಬರುತ್ತಾಳೆ. ಹಗ್ಗ ಹೊಸೆದು ಅಂಗೈ ಕಾಯಿ ಕಟ್ಟಿದ ಹೆಂಗಸು, ವಯಸ್ಸು ಅರವತ್ತರ ಮೇಲೆ. ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೂಂ, ಕುಬೇರಾ, ಕರಿ ಅಕಿನ್ನ," ಎನ್ನುತ್ತಿದ್ದಳು. ನಾನು ಬೆರಳನ್ನು ಒಯ್ದು ಓದುತ್ತಿದ್ದೆ.

"ಅವ್ವಾ, ಕೊಡ ಒಡದಂವ ತಮ್ಮ ಅಲ್ಲ, ನಾನ. ಅವಗ ಸುಮ್ಮನ ಬಡದಿ. ಹೇಳಬೇಕಂತ ಭಾಳ ಸಲ ಮಾಡಿದ್ನಿ, ನಿನ್ನ ಮಾರಿ ನೋಡಿದ್ರ ಬಾಯಿ ಬರಲಿಲ್ಲ. ಇವತ್ತ ಸಂಜಿ ಮುಂದ ಹೇಳ್ತೀನಿ. ತಡಿ ಅವ್ವಾ, ಬಂದೆ."

ಕೊನೆಯ ಮಾತು ಇಡಬೇಕೆಂದು ಹೇಳಿದ್ದಲ್ಲ. ಹುಡುಗಿ ಹೇಳುತ್ತಿದ್ದಾಗ ಹೊರಗೆ ಗಿರಣಿಯ ಬಾಗಿಲಲ್ಲಿ ದ್ಯಾಮವ್ವನೇ ಅವಳನ್ನು ಕೂಗಿದ್ದಳು. ಹುಡುಗಿ ತಿರುಗಿ ಉತ್ತರ ಕೊಟ್ಟಳು, ಚನ್ನಬಸಯ್ಯನವರು ಅದನ್ನೂ ಬರೆದುಬಿಟ್ಟರು. ಸಂಜೆ ಮನೆಯಲ್ಲಿ ಹುಡುಗಿ ಕೊಡದ ವಿಷಯ ಹೇಳಿದಳೋ ಇಲ್ಲವೋ ಎಂದು ನಾನೊಮ್ಮೆ ಕೇಳಿದ್ದೆ. "ಎಲ್ಲಿ ಹೇಳ್ತಾಳ. ಉಂಡು ಮಕ್ಕೊಂಡ್ಳು," ಎಂದು ದ್ಯಾಮವ್ವ ನಕ್ಕಿದ್ದಳು. ಪ್ರತಿ ಸಲವೂ 'ಬಂದೆ' ಎಂದು ಕೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಎದ್ದು, ನಾನು ಬೆರಳನ್ನು ಕೊನೆಗೆ ಒಯ್ಯುವುದನ್ನು ನಿಂತು ನೋಡಿಯೇ ಹೊರಡುತ್ತಿದ್ದಳು.

ಆ ದಿನ ಕಸ್ತೂರಿಯ ಜೊತೆ ಬಂದಿದ್ದ ಗೆಳತಿ ನನ್ನ ಹೆಂಡತಿ ಗೌರವ್ವ. ಆಗ ನಮ್ಮ ಮದುವೆಯಾಗಿ ಎರಡು ತಿಂಗಳು. ಗೌರವ್ವನ ಮಾತು ಕಸ್ತೂರಿಯ ಮಾತಿಗಿಂತ ಮೊದಲಿನದು, ಅವಳದು ಮುಗಿದಲ್ಲಿ ಕಸ್ತೂರಿಯದು ಶುರು. ನಾನು ಓದುಗನಾಗುವ ಮೊದಲೇ ಇಟ್ಟದ್ದಾದ್ದರಿಂದ ಹೆಂಡತಿ ಏನು ಹೇಳಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿದ್ದೇನೆ, ಒಮ್ಮೆಯೂ ನಿಂತವನಲ್ಲ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ. ಆಮೇಲೆ ನಿಂತದ್ದು ಒಂದೇ ಸಲ, ಅಷ್ಟೇ ಸಾಕಾಯಿತು.

ಕಳೆದ ವರ್ಷ ಒಂದು ಗುರುವಾರ ಬೆಳಿಗ್ಗೆ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ಕಾರಣ ಏನೂ ಇಲ್ಲ. ಕೋಣೆಯ ಕೀಲಿ ಸಿಗಲಿಲ್ಲ, ನೀನೇ ಎಲ್ಲೋ ಇಟ್ಟಿದ್ದೀಯ ಎಂದೆ. ಕೀಲಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನಾನು ಸುಮ್ಮನಾಗಬಹುದಿತ್ತು, ಆಗಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಬಿಡು, ಹದಿನಾಲ್ಕು ವರ್ಷದಿಂದ ಮುಖ ಗಂಟು ಹಾಕಿಕೊಂಡೇ ಇದ್ದೀಯ ಎಂದೆ. ಅವಳು ತಾಟಿಗೆ ರೊಟ್ಟಿ ಹಾಕುತ್ತ, "ನಾ ಹೇಳೂದೆಲ್ಲಾ ಆವಾಗ ಹೇಳಿಟ್ಟೀನಿ. ನಾ ಸತ್ತ ಮ್ಯಾಲ ಕೇಳೂವಂತ್ರಿ. ಈಗ ಸುಮ್ಮನ ಉಣ್ರಿ," ಎಂದಳು.

ಆ ಮಾತು ಮಧ್ಯಾಹ್ನದವರೆಗೂ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಗಿರಣಿಯ ಬೆಲ್ಟು ಹರಿದು ಹಾಲಪ್ಪ ಹೊಸದನ್ನು ತರಲು ಹೋಗಿದ್ದ, ಸದ್ದೇ ಇರಲಿಲ್ಲ. ನಮ್ಮ ಮನೆಯ ತಂಬಿಗೆಯ ಮೇಲಿನ ಸಂಖ್ಯೆ ನನಗೆ ನೀರು ಕುಡಿದೂ ಕುಡಿದೂ ಬಾಯಿಪಾಠ. ಬೆರಳನ್ನು ಅಲ್ಲಿಗೆ ಒಯ್ದೆ. ಮನಸ್ಸಿನಲ್ಲೇ ಓದಬಹುದಿತ್ತು. ಅವಳ ದನಿಯಲ್ಲೇ ಕೇಳಬೇಕೆನಿಸಿತು, ಬಾಯಿ ತೆರೆದು ಸಣ್ಣಗೆ ಓದಿದೆ.

"ರೀ, ನಿಮಗ ಏನೂ ಹುಡುಕಾಕ ಬರೂದಿಲ್ಲ. ಕಂಬಳಿ ಸಂದೂಕದ ತಳದಾಗ ಐತಿ. ಮ್ಯಾಲ ನನ್ನ ಸೀರಿ ಇರ್ತಾವ, ಎತ್ತಿ ಬಾಜೂಕ ಇಡ್ರಿ, ಕಿತ್ತ ಒಗೀಬ್ಯಾಡ್ರಿ. ಚಳಿ ಆದ್ರ ಹೊಚ್ಕೋರಿ."

ಇಷ್ಟೇ ಇತ್ತು. ಮದುವೆಯಾದ ಎರಡು ತಿಂಗಳಿಗೆ ಇಪ್ಪತ್ತರ ಹುಡುಗಿಯೊಬ್ಬಳು, ತಾನು ಇಲ್ಲದ ಮೇಲೆ ಈ ಮನುಷ್ಯ ಚಳಿಯಲ್ಲಿ ಕಂಬಳಿ ಹುಡುಕಲಾರ ಎಂದು ಯೋಚಿಸಿ, ತನ್ನ ಒಂದೇ ಮಾತನ್ನು ಅದಕ್ಕೆ ಖರ್ಚು ಮಾಡಿದ್ದಳು. ನಾನು ದೂರು ಕೇಳಲೆಂದು ಕಿವಿ ಕೊಟ್ಟವನು. ಕಿವಿಯ ತುದಿ ಬಿಸಿಯಾಯಿತು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದು, ಮುದುಕನೊಬ್ಬನ ಕೆಮ್ಮು. ಕಂಪ್ಯೂಟರಿನ ಮೇಲೆ ನನ್ನ ಹೆಂಡತಿಯ ಮಾತು ಹಾಗೇ ಇತ್ತು. ಕದ್ದವನು ಅಂಗಿಯೊಳಗೆ ಬಚ್ಚಿಡುವಂತೆ ಅದನ್ನು ಮರೆಮಾಡಿ ಪರದೆ ಖಾಲಿ ಮಾಡಿದೆ. ಪರದೆ ಖಾಲಿಯಾದರೆ ಬೆರಳು ಸರಿಯುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ.

ಬಂದವರು ಯಮನೂರಪ್ಪ, ಅವನ ಸೊಸೆ ಸಾವಂತ್ರೆವ್ವ. ಯಮನೂರಪ್ಪನಿಗೆ ಎದೆರೋಗ. ಇಬ್ಬರು ಮಕ್ಕಳು ಬೇರೆಯಾಗಿ ಒಂದೇ ಅಂಗಳಕ್ಕೆ ನಡುವೆ ಬೇಲಿ ಹಾಕಿಕೊಂಡಿದ್ದರು. ಮುದುಕ ಬೆಂಚಿನ ಮೇಲೆ ಕೂತು, "ಕುಬೇರಪ್ಪ, ಇವತ್ತ ಉಸುರು ಚಲೋ ಐತಿ. ನಾಳೆ ಇರತೈತೋ ಇಲ್ಲೋ. ಹೇಳಿಬಿಡ್ತೀನಿ," ಎಂದ.

"ಆಗಲಿ ಕಾಕಾ," ಎಂದು ಸ್ಕ್ರಿಪ್ಟ್ ಬರೆದೆ. ಬೆರಳನ್ನು ಕೊನೆಗೆ ಒಯ್ಯುವ ಸಾಲು ಅದರಲ್ಲಿ ಇರಲಿಲ್ಲ. ಓದಿದ ಕೂಡಲೇ ಕೊನೆಗೆ ಒಯ್ದಿಡುವುದು ಹನ್ನೆರಡು ವರ್ಷದ ರೂಢಿ. ಬೆರಳು ಕೊನೆಯಲ್ಲೇ ಇರುತ್ತದೆ ಎಂದು ಕೈ ನಂಬಿಬಿಟ್ಟಿತ್ತು. ಕಂಪ್ಯೂಟರು ಸಂಖ್ಯೆ ತೋರಿಸಿತು. ಗಟ್ಟಿಯಾಗಿ ಓದಿದೆ: ನಲವತ್ತೊಂದು ಸಾವಿರದ ಇನ್ನೂರ ಏಳು. ಯಮನೂರಪ್ಪ ದೇವರ ಹೆಸರು ಹೇಳುವವನಂತೆ ಕಣ್ಣು ಮುಚ್ಚಿ ಅದನ್ನೇ ಹೇಳಿದ. ಸಾವಂತ್ರೆವ್ವ ಮರೆಯದಿರಲೆಂದು ಬೆರಳು ಮಡಿಸುತ್ತ ನಾಲ್ಕು ಸಲ ಗುಣುಗಿದಳು. ಆ ಹೊತ್ತಿಗೆ ಕಡತ ಐವತ್ತೆಂಟು ಸಾವಿರ ದಾಟಿತ್ತು. ಪ್ರತಿ ಸೋಮವಾರ ನನ್ನ ಕೈಯಾರೆ ಒತ್ತುತ್ತಿದ್ದ ಸಂಖ್ಯೆಯನ್ನು ಮೂವರು ಆರು ಸಲ ಹೇಳಿದೆವು, ನನ್ನ ಕಿವಿಯ ಮೇಲೆ ಅದು ಬೀಳಲಿಲ್ಲ. ನನ್ನ ತಲೆಯಲ್ಲಿ ಕಂಬಳಿ ಇತ್ತು.

ಮುದುಕ ಉಸಿರು ಬಿಟ್ಟು ಬಿಟ್ಟು ಹೇಳಿದ: "ಬಾವಿ ಹತ್ರ ಇರೂ ಬೇವಿನ ಗಿಡ ಕಡೀಬ್ಯಾಡ್ರಿ. ಅದರ ನೆರಳು ದನಕರದ್ದು. ನೀವಿಬ್ರೂ ಒಂದ ಮನ್ಯಾಗ ಉಣ್ಣಾಕ ಆಗದಿದ್ರ ಆ ಗಿಡದ ಬುಡಕರೆ ಕೂಡಿ ಉಣ್ರಿ. ಹಟಾ ಮಾಡಬ್ಯಾಡ್ರಪಾ." ಅಕ್ಷರ ಬಿಡದೆ ಬರೆದೆ. ಬರೆದಾದ ಮೇಲೆ ಚನ್ನಬಸಯ್ಯನವರು ಹೇಳಿಕೊಟ್ಟಂತೆ ಬೆರಳನ್ನು ಕೊನೆಗೆ ಒಯ್ದೆ, ಆಮೇಲೆ ನೀರು ಕುಡಿದೆ.

ಸೋಮವಾರ ದ್ಯಾಮವ್ವ ರೊಟ್ಟಿ ತಿಂದು ಬಾಯಿ ಒರೆಸಿಕೊಂಡು, "ಹೂಂ, ಕರಿ," ಎಂದಳು. ಬೆರಳನ್ನು ಒಯ್ದೆ. ಬಾಯಿ ತೆರೆಯುವ ಮೊದಲು ಪರದೆಯ ಮೇಲೆ ಕಣ್ಣು ಬಿತ್ತು. 'ಅವ್ವಾ' ಇರಬೇಕಾದಲ್ಲಿ 'ಬಾವಿ' ಇತ್ತು. ಅದರ ಹಿಂದೆ ಬೇವಿನ ಗಿಡ, ದನಕರ, ಹಟ. ಎಲ್ಲದರ ಕೊನೆಗೆ, ಯಮನೂರಪ್ಪನ ಚುಕ್ಕೆಗೆ ಅಂಟಿಕೊಂಡು, 'ನಿ' ಎಂಬ ಒಂಟಿ ಅಕ್ಷರ, ಆಮೇಲೆ 'ತಡಿ ಅವ್ವಾ, ಬಂದೆ'. ಮುದುಕನ ಮಾತು ಹುಡುಗಿಯ ಮಾತಿಗಿಂತ ಗಿಡ್ಡ. ಅವನು ಮುಚ್ಚಲಾರದೆ ಬಿಟ್ಟದ್ದು ಇಷ್ಟು ಉಳಿದಿತ್ತು.

"ಯಾಕೋ?" ಎಂದಳು ದ್ಯಾಮವ್ವ.

"ಕರೆಂಟ ಸರಿ ಇಲ್ಲ ಯಕ್ಕಾ. ಇವತ್ತ ಓದಾಕ ಬರೂದಿಲ್ಲ."

ಪಕ್ಕದಲ್ಲಿ ಗಿರಣಿ ಗುಡುಗುಡು ಎನ್ನುತ್ತಿತ್ತು. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಹೋಗ್ಲಿ ಬಿಡು. ಮುಂದಿನ ಸ್ವಾಮಾರ ಬರ್ತೀನಿ ತಗೋ. ಅಕಿ ಏನ ಓಡಿ ಹೊಕ್ಕಾಳ?" ಎಂದು ಬುತ್ತಿಯ ಬಟ್ಟೆ ಝಾಡಿಸಿಕೊಂಡು ಹೋದಳು.

ಆ ವಾರ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಲಿಗೆ ಹಿಂಜರಿಯುತ್ತದೆ. ಹೋಗಿ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ಅವಳ ಮನೆ ನಮ್ಮ ಓಣಿಯ ತುದಿಯಲ್ಲೇ ಇದೆ. ಎರಡು ಸಲ ಅಲ್ಲಿಯವರೆಗೆ ಹೋಗಿ, ಅಂಗಳದಲ್ಲಿ ಅವಳು ಹಗ್ಗಕ್ಕೆ ಹುರಿ ಹಾಕುತ್ತಿರುವುದನ್ನು ನೋಡಿ, ಬೇರೆ ಎಲ್ಲಿಗೋ ಹೊರಟವನಂತೆ ಮುಂದೆ ಹೋದೆ. ಆಮೇಲೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು, ಕಡತದ ಕೊನೆಗೆ ಬೆರಳನ್ನು ಒಯ್ದು, ಕಸ್ತೂರಿಯ ಮಾತನ್ನು ನೆನಪಿನಿಂದ ಒಂದಕ್ಷರ ತಪ್ಪದಂತೆ ಬರೆದೆ. ಆರುನೂರು ಸಲ ಓದಿದ ಮಾತು, ತಪ್ಪುವುದು ಹೇಗೆ. ಬರೆದು, ಬೆರಳನ್ನು ಹಿಂದಕ್ಕೆ ತಂದು, ಓದಿದೆ. 'ಅವ್ವಾ' ಎಂದದ್ದು ನನ್ನ ದನಿ. ಅಡಿಕೆ ಹಾಕಿ ದಪ್ಪಗಾದ, ನಲವತ್ತೈದರ ಗಂಡಸಿನ ದನಿ. ಕೊಡ ಒಡೆದವನು ನಾನು ಎಂದು ನಾನೇ ಹೇಳುತ್ತಿದ್ದೆ.

ಮುಂದಿನ ಸೋಮವಾರ ಅವಳು ಬಂದಾಗ ನಾನು ಅದನ್ನೇ ಓದಿದೆ. ಗಂಟಲು ಬಿಗಿಹಿಡಿದು, ದನಿ ತೆಳ್ಳಗೆ ಮಾಡಿ, ಬಾಯಿಗೆ ಟವೆಲು ಅಡ್ಡ ಹಿಡಿದು ಓದಿದೆ. ಬಯಲಾಟದಲ್ಲಿ ಹೆಣ್ಣು ವೇಷ ಹಾಕಿದ ಗಂಡಸರೂ ಅದಕ್ಕಿಂತ ಚೆನ್ನಾಗಿ ಮಾತಾಡುತ್ತಾರೆ. ಮುಗಿಸಿ ತಲೆ ಎತ್ತಲಿಲ್ಲ.

ದ್ಯಾಮವ್ವ ಬುತ್ತಿಯ ಬಟ್ಟೆ ಮಡಿಚಿಟ್ಟಳು. ಆಮೇಲೆ, "ನಿನಗ ನೆಗಡಿ ಆಗೇತೇನು ಕುಬೇರಾ?" ಎಂದಳು.

"ಹೂಂ ಯಕ್ಕಾ."

"ಅದಕ್ಕ ಅಕಿ ದನಿ ಒಳಗ ಸಿಕ್ಕೊಂಡೇತಿ. ಹೊರಗ ಬರಾಕ ಒದ್ದಾಡಾಕತ್ತಾಳ. ಕೊಡ ಒಡದದ್ದು 'ನಾನ' ಅನ್ನೂ ಮುಂದ ನಗತಿದ್ಲು, ಇವತ್ತ ನಗಲಿಲ್ಲ." ಎದ್ದು ನಿಂತು ನನ್ನ ಹಣೆ ಮುಟ್ಟಿ ನೋಡಿದಳು. "ಮೈ ಬಿಸಿ ಐತಿ. ಗೌರಿಗೆ ಏನೂ ಹೇಳಿಲ್ಲೇನು? ಎಂಥಾ ಗಂಡಸಪಾ ನೀನು."

ಸಂಜೆ ಸೊಸೆಯ ಕೈಯಲ್ಲಿ ಕಷಾಯ ಕಳಿಸಿದಳು. ಮೆಣಸು, ಶುಂಠಿ, ಬೆಲ್ಲ, ತುಳಸಿ. ಮರುದಿನವೂ ಬಂತು. ಅದರ ಮರುದಿನವೂ. ಗೌರವ್ವ, "ನಿಮಗ ಯಾವಾಗ ನೆಗಡಿ ಆತು?" ಎಂದು ಕೇಳಿದಳು. ನಾನು ಅಷ್ಟನ್ನೂ ನಿಂತು ಕುಡಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದದ್ದು ಒಳ್ಳೆಯದಾಯಿತು.

ಶನಿವಾರ ಗಿರಣಿಯ ಮುಂದೆ ಜನ ಹೆಚ್ಚಿತ್ತು. ಮಧ್ಯಾಹ್ನದ ಹೊತ್ತಿಗೆ ದ್ಯಾಮವ್ವ ಕೋಣೆಗೆ ಬಂದಳು. ಶನಿವಾರ ಅವಳು ಬರುವವಳಲ್ಲ. ಎರಡು ಕೈಯಲ್ಲಿ ಎರಡು ತಂಬಿಗೆ. ಒಂದು ಹಳೆಯದು, ಕಂಠದಲ್ಲಿ ಸೊಟ್ಟಗಾದದ್ದು. ಒಂದು ಹೊಸದು, ಫಳಫಳ ಹೊಳೆಯುವುದು. ಎರಡನ್ನೂ ನನ್ನ ಮುಂದೆ ಇಟ್ಟು ಬೆಂಚಿನ ಮೇಲೆ ಕೂತಳು.

"ಇದು ನಂದು. ಇದು ಸಾವಂತ್ರೆವ್ವಂದು. ಈಗ ಹೊರಗ ನೀರ ಕೊಟ್ಳು, ಕುಡಿಯೂ ಮುಂದ ಕಣ್ಣಿಗೆ ಬಿತ್ತು. ನನ್ನ ಕಣ್ಣು ಮಂಜ ಆಗ್ಯಾವ, ತಪ್ಪ ಓದಿರಬೇಕು ಅಂತ ಮನಿಗೆ ಹೋಗಿ ನಂದೂ ತಂದೆ. ನೀ ಓದು."

ಓದುವುದೇನಿತ್ತು. "ಎರಡೂ ಒಂದ ಅದಾವ ಯಕ್ಕಾ," ಎಂದೆ.

"ಒಂದ ಜಾಗಾದಾಗ ಇಬ್ಬರು ಹೆಂಗ ಕುಂದರ್ತಾರ?"

"ಕುಂದರೂದಿಲ್ಲ."

"ಹಂಗಾರ ನನ್ನ ಕಸ್ತೂರಿ ಎಲ್ಲಿ ಅದಾಳ?"

ಹೊರಗೆ ಹಾಲಪ್ಪ ಗಿರಣಿ ನಿಲ್ಲಿಸಿದ. ಅವನು ಬೇಕೆಂದು ನಿಲ್ಲಿಸಿದ್ದೋ, ಯಾರದೋ ಜೋಳ ಮುಗಿದಿತ್ತೋ, ಈಗಲೂ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನಾಲ್ಕೈದು ಹೆಂಗಸರು ನಿಂತಿದ್ದರು. ಅವರ ಹಿಂದೆ ಜೋಳದ ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ಗೌರವ್ವ.

ಹೇಳಿದೆ. ಬೆರಳು ಕೊನೆಯಲ್ಲಿ ಇರಲಿಲ್ಲ, ನಾನು ನೋಡಲಿಲ್ಲ, ಯಮನೂರಪ್ಪ ಕಾಕಾನ ಮಾತು ಹುಡುಗಿಯ ಮಾತಿನ ಮೇಲೆ ಹೋಯಿತು, ಕಳೆದ ಸೋಮವಾರ ಓದಿದ್ದು ನಾನೇ ಬರೆದದ್ದು, ನೆಗಡಿ ಇರಲಿಲ್ಲ.

ದ್ಯಾಮವ್ವ ಬೈಯಲಿಲ್ಲ. ಕಾಯಿ ಕಟ್ಟಿದ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು. "ನಾ ನಿನಗ ಕಷಾಯಾ ಕಳಿಸಿದೆ," ಎಂದಳು. ಹೊಸ ತಂಬಿಗೆಯನ್ನು ಪಕ್ಕಕ್ಕೆ ಸರಿಸಿ, "ಒಂದ ಕೇಳ್ತೀನಿ. ಯಮನೂರಪ್ಪ ಬರೂ ಮೊದಲಿನ ಸ್ವಾಮಾರ ನೀ ಓದಿ ಕೊನಿಗೆ ಹಚ್ಚಿದ್ದು ನಾ ಕಣ್ಣಾರೆ ನೋಡೀನಿ. ಅಂವ ಬಂದದ್ದು ಬೇಸ್ತವಾರ ಅಂತಾಳ ಸಾವಂತ್ರೆವ್ವ. ನಡುವ ಬೆರಳು ಅಲ್ಲಿಗೆ ಹೆಂಗ ಬಂತು? ಯಾರದ ಓದಿದ್ದಿ?"

ಯಾವುದಾದರೂ ಸತ್ತವರ ಹೆಸರು ಹೇಳಬಹುದಿತ್ತು. ಬಾಯಲ್ಲಿ ಒಂದು ಹೆಸರು ಬಂದೂ ಇತ್ತು. ಆದರೆ ಕಸ್ತೂರಿಯ ಹಿಂದಿನ ಮಾತು ಯಾರದು ಎಂದು ದ್ಯಾಮವ್ವನಿಗೆ ಗೊತ್ತು; ಆ ದಿನ ಇಬ್ಬರೂ ಒಳಗಿದ್ದಾಗ ಹೊರಗಿನಿಂದ ಕೂಗಿದವಳು ಅವಳೇ.

"ಗೌರೀದು," ಎಂದೆ.

ಬಾಗಿಲಲ್ಲಿ ಯಾರೋ ಹಲ್ಲಿಯಂತೆ ಲೊಚಗುಟ್ಟಿದರು. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಗೌರವ್ವನ ಮುಖ ನೋಡಿದರು. ಅವಳು ನನ್ನ ಕಡೆ ನೋಡಲಿಲ್ಲ. ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡು, "ಹಾಲಪ್ಪಣ್ಣ, ನಂದು ಬೀಸಿಕೊಡು. ಒಲಿ ಮ್ಯಾಲ ಎಸರಿಟ್ಟ ಬಂದೀನಿ," ಎಂದು ಹೊರಟುಹೋದಳು.

ದ್ಯಾಮವ್ವ ಏಳಲಿಲ್ಲ. "ಪೂರಾ ಹೋತೇನು?" ಎಂದಳು.

"ಕೊನಿಗೆ ಸ್ವಲ್ಪ ಉಳದೈತಿ."

"ಕರಿ."

ಯಮನೂರಪ್ಪ ಬದುಕಿದ್ದ, ಅವನದನ್ನು ಓದುವಂತಿರಲಿಲ್ಲ. ಅವನದು ಎಂಬತ್ತನಾಲ್ಕು ಹೆಜ್ಜೆ. ಅದರ ಆಚೆ 'ನಿ', ಚುಕ್ಕೆ, ಒಂದು ಖಾಲಿ ಜಾಗ. ಅರ್ಥವಿಲ್ಲದ ಆ ತುಣುಕು ಕೇಳಿಸುವುದು ಬೇಡವೆಂದು ಅದನ್ನೂ ದಾಟಿಸಿ, ಬೆರಳನ್ನು 'ತ'ದ ಮುಂದೆ ನಿಲ್ಲಿಸಿ ಓದಿದೆ. ನನ್ನ ಬಾಯಿಂದ ಹದಿನಾರರ ಹುಡುಗಿ, "ತಡಿ ಅವ್ವಾ, ಬಂದೆ," ಎಂದಳು.

ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ದ್ಯಾಮವ್ವ ಮುಂದಕ್ಕೆ ಬಗ್ಗಿ ಪರದೆಯನ್ನು ನೋಡಿದಳು. ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು, ಅಕ್ಷರ ಕೂಡಿಸಿ ಓದುತ್ತಾಳೆ. "ಸುರೂದಾಗ ಮೂರ ಹೆಜ್ಜಿ ಯಾಕ ಬಿಟ್ಟಿ?"

"ಅದು ಬರೇ 'ನಿ' ಯಕ್ಕಾ. ಹೇಳ್ತೀನಿ ಅಂದದ್ದರ ತುದಿ. ಅದರಾಗ ಏನೂ ಇಲ್ಲ."

"ಅಕಿ ಬಾಯಿಂದ ಬಂದದ್ದು ಹೌದಲ್ಲೋ. ಹಿಂದ ತಾ."

ಮೂರು ಹೆಜ್ಜೆ ಹಿಂದೆ ತಂದೆ. "ನಿ. ತಡಿ ಅವ್ವಾ, ಬಂದೆ." ಅವಳು ತಲೆ ಆಡಿಸಿದಳು. ನಾನು ಇನ್ನೊಮ್ಮೆ ಓದಲೆಂದು ಬೆರಳನ್ನು ಹಿಂದಕ್ಕೆ ಒಯ್ಯಹೋದಾಗ ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ. ಇನ್ನ ನಿನ್ನ ಬಾಯಿಂದ ಬ್ಯಾಡ. ನನಗ ಕಲಿಸು."

ಆ ಸಂಜೆ ಮನೆಯಲ್ಲಿ ಗೌರವ್ವ ಎಂದಿನಂತೆ ಉಣಬಡಿಸಿದಳು. ಉಂಡ ಮೇಲೆ ಒಳಗೆ ಸಂದೂಕ ತೆರೆದ ಸದ್ದು. ಕಂಬಳಿಯನ್ನು ತಂದು ನನ್ನ ಮಂಚದ ಮೇಲೆ ಇಟ್ಟಳು. ಬೇಸಿಗೆಯ ಶುರು, ಕಂಬಳಿಯ ದಿನವಲ್ಲ. "ಇನ್ನ ಅದು ಅಲ್ಲಿದ್ದು ಏನ ಆಗಬೇಕು," ಎಂದಳು. "ನಿಮಗ ಹೇಳಾಕ ನನ್ನ ಹತ್ರ ಒಂದ ಮಾತಿತ್ತು. ನೀವ ತಗೊಂಡ್ರಿ." ಸಿಟ್ಟಿನ ದನಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ದನಿ.

ಯಮನೂರಪ್ಪನ ಮನೆಗೂ ಹೋಗಿ ಹೇಳಿದೆ. ಅವನು ಸತ್ತ ಮೇಲೆ ಅವನ ಮಾತಿನ ಕೊನೆಗೆ, ಒಂದು ಹೆಜ್ಜೆ ಹೆಚ್ಚು ಓದಿದರೂ, ಒಂದು ಹುಡುಗಿಯ ದನಿ ಬರುತ್ತದೆ ಎಂದು ಮಕ್ಕಳಿಗೆ ಗೊತ್ತಿರಬೇಕಿತ್ತು. ಮುದುಕ ಕೆಮ್ಮುತ್ತ ನಕ್ಕ. "ಇರ್ಲಿ ಬಿಡಪಾ. ನನ್ನ ಮಾತು ಈ ಮಕ್ಕಳು ಹೆಂಗೂ ಕೇಳೂವಲ್ರು. ಅಕಿದರೆ ಕೇಳ್ಲಿ." ಮಕ್ಕಳಿಬ್ಬರೂ ಬೇಲಿಯ ಆಚೀಚೆ ನಿಂತು ನನ್ನನ್ನು ನೋಡುತ್ತಿದ್ದರು.

ಊರಿನವರು ನನ್ನನ್ನು ಬಿಡಿಸುತ್ತಾರೆ ಎಂದುಕೊಂಡಿದ್ದೆ. ಬಿಡಿಸಲಿಲ್ಲ. ಬೇರೆ ಯಾರಿಗೆ ಬರುತ್ತದೆ ಎಂದರು. ಈಗ ಮಾತು ಇಡಲು ಬಂದವರು ಸಂಖ್ಯೆಯನ್ನು ತಿರುಗಿ ಹೇಳಿ ಸುಮ್ಮನಾಗುವುದಿಲ್ಲ. "ಇದು ಕೊನೀದ ಹೌದಲ್ಲ ಕುಬೇರಣ್ಣ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಜೊತೆಗೆ ಬಂದವರು ಬಗ್ಗಿ ನೋಡುತ್ತಾರೆ. ನೋಡಲೇಬೇಕು.

ದ್ಯಾಮವ್ವ ಕಲಿಯಲು ಎರಡು ತಿಂಗಳು ತೆಗೆದುಕೊಂಡಳು. ನಾರು ಹೊಸೆದ ಬೆರಳುಗಳು. ಒಂದು ಅಕ್ಷರ ಒತ್ತಹೋದರೆ ಎರಡು ಬೀಳುತ್ತಿದ್ದವು. ಒಂದೊಂದನ್ನೂ ಹುಡುಕಿ, ಮೊರದಲ್ಲಿ ಕಲ್ಲು ಆರಿಸುವವಳಂತೆ ಆರಿಸಿ, ಮೂರು ಸಾಲು ಬರೆಯಲು ಅರ್ಧ ಗಂಟೆ. ನಲವತ್ತೊಂದು ಸಾವಿರದ ಇನ್ನೂರ ತೊಂಬತ್ತೊಂದು, 'ನಿ' ನಿಂತ ಜಾಗ. ಹಳೆಯ ತಂಬಿಗೆಯ ಮೇಲೆ ಹಳೆಯ ಸಂಖ್ಯೆಯನ್ನು ಅಳಿಸದೆ, ಅದರ ಕೆಳಗೆ ಈ ಸಂಖ್ಯೆಯನ್ನೂ ಕೆತ್ತಿಸಿದ್ದಾಳೆ. ಹದಿಮೂರು ಹೆಜ್ಜೆ ಓದು, ಹೆಚ್ಚಿಲ್ಲ.

ಈಗ ಸೋಮವಾರ ಅವಳು ಬಂದಾಗ ನಾನು ಕುರ್ಚಿ ಬಿಟ್ಟು ಹೊರಗೆ ಹೋಗಿ ಗಿರಣಿಯ ಗೋಡೆಗೆ ಒರಗಿ ನಿಲ್ಲುತ್ತೇನೆ. ಅವಳು ಹೋಗು ಎಂದಿಲ್ಲ. ಇರು ಎಂದೂ ಹೇಳಿಲ್ಲ. ಒಳಗೆ ಕೀಲಿಮಣೆಯ ಸದ್ದು ಬಹಳ ಹೊತ್ತು ಕೇಳುತ್ತದೆ. ಆಮೇಲೆ ತಾಯಿಯ ಬಾಯಿಂದ ಮಗಳ ದನಿ, ಅಕ್ಷರ ಅಕ್ಷರ ಕೂಡಿಸಿಕೊಂಡು, ಎಡವಿಕೊಂಡು. ನಿ. ತ. ಡಿ. ತಡಿ. ಹುಡುಗಿ ಎಂದೂ ಹಾಗೆ ತೊದಲಿದವಳಲ್ಲ.

ಕಳೆದ ಸೋಮವಾರ ಓದು ಮುಗಿದ ಮೇಲೂ ಕೀಲಿಮಣೆಯ ಸದ್ದು ನಡೆದೇ ಇತ್ತು. ಬೆರಳನ್ನು ಕೊನೆಗೆ ಒಯ್ಯುವ ಸಾಲು. ಆಮೇಲೆ ಎಲ್ಲಿದ್ದೀಯ ಎಂದು ಕೇಳುವ ಸಾಲು. ದ್ಯಾಮವ್ವ ಬಾಗಿಲಿಗೆ ಬಂದು, ಬುತ್ತಿಯ ಬಟ್ಟೆ ಹೆಗಲಿಗೆ ಹಾಕಿಕೊಂಡು, "ಬಾ, ಕೊನಿಗೆ ಹಚ್ಚೀನಿ," ಎಂದು ನನ್ನ ಮುಖ ನೋಡದೆ ಹೇಳಿ ಹೋದಳು. ಬೆಂಚಿನ ಮೇಲೆ ಆಗಲೇ ಮಾತು ಇಡಲು ಬಂದ ಒಬ್ಬ ಗಂಡಸು ಕೂತಿದ್ದ. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಬೆರಳು ಎಲ್ಲಿದೆ ಎಂದು ಇನ್ನೊಮ್ಮೆ ಕೇಳಿ ನೋಡಿದೆ. ಅವಳು ಒಯ್ದಿಟ್ಟ ಕಡೆಯೇ, ಸರಿಯಾಗಿ ಕೊನೆಯ ಅಕ್ಷರದ ಆಚೆ ಇತ್ತು. ನೋಡಿದ್ದಕ್ಕೆ ನಾಚಿಕೆಯಾಯಿತು.